ಕಡಬದ ಕಡತಕ್ಕೆ ಯಜಮಾನ ಯಾರು?

ಕಡಬದ ಯಾವ ಸಂಸಾರಸ್ಥನ ಜೇಬು ತಡಕಿದರೂ ಮೂರು ಊರು ಸಿಗಬಹುದು. ತಿದ್ದಿಸದೆ ಬಿಟ್ಟ ಆಧಾರ್ ಕಾರ್ಡಿನಲ್ಲಿ ಪುತ್ತೂರು ತಾಲೂಕು. ಈಚೆಗೆ ತೆಗೆಸಿದ ಪಹಣಿಯಲ್ಲಿ ಕಡಬ ತಾಲೂಕು. ಓಟು ಮಾತ್ರ ಸುಳ್ಯ ಕ್ಷೇತ್ರಕ್ಕೆ. ಮನುಷ್ಯ ಹುಟ್ಟಿದ ಮನೆಯ ಅಂಗಳ ಬಿಟ್ಟು ಹೋದವನಲ್ಲ, ಅವನ ಸುತ್ತ ಊರುಗಳೇ ಓಡಾಡಿವೆ. 2013ರ ಬಜೆಟ್ಟಿನಲ್ಲಿ 43 ಹೊಸ ತಾಲೂಕುಗಳ ಘೋಷಣೆಯಾದಾಗ ಕಡಬದ ಹೆಸರೂ ಇತ್ತು. ತಾಲೂಕು ಕಣ್ಣು ಬಿಟ್ಟದ್ದು 2018ರಲ್ಲಿ. ನಡುವಿನ ಐದು ವರ್ಷ ‘ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಕಂಪ್ಯೂಟರ್ ಆರಿಸಬೇಡಿ’ ಎಂಬ ಸ್ಥಿತಿ. ಪುತ್ತೂರಿನಿಂದ ಬಹುಪಾಲು ಗ್ರಾಮಗಳು ಬಂದವು, ಸುಳ್ಯದಿಂದ ಕೆಲವು. ಕುಕ್ಕೆಯ ಸುಬ್ರಹ್ಮಣ್ಯ ದೇವರು ಕೂಡ ಕೂತಲ್ಲಿಂದ ಏಳದೆ ಸುಳ್ಯ ತಾಲೂಕಿನಿಂದ ಕಡಬಕ್ಕೆ ವರ್ಗವಾದರು.

ಹೊಸ ತಾಲೂಕು ಎಂದರೆ ಬೋರ್ಡು ಬರೆಸುವುದು ಸುಲಭ, ಕಪಾಟು ಸಾಗಿಸುವುದು ಕಷ್ಟ. ಯಾವ ಕಡತ ಹಳೆಯ ಕಚೇರಿಯಲ್ಲಿ ಉಳಿಯಬೇಕು, ಯಾವುದು ಹೊಸದಕ್ಕೆ ಹೋಗಬೇಕು, ಎರಡೂ ಕಡೆ ಇದ್ದರೆ ಯಾವುದನ್ನು ನಂಬಬೇಕು? ಸರ್ಕಾರಕ್ಕೆ ವರ್ಷಗಟ್ಟಲೆ ಹಿಡಿಯುವ ಈ ಪ್ರಶ್ನೆಗಳನ್ನು ಎರಡು ಕಂಪ್ಯೂಟರ್ ಇಟ್ಟುಕೊಂಡ ನಮ್ಮ ಜನ ಒಂದು ‘ಓಕೆ’ ಒತ್ತಿ ಮುಗಿಸುತ್ತಾರೆ. ಈ ಲೇಖನ ಆ ‘ಓಕೆ’ಯ ಬಗ್ಗೆ.

ಪುತ್ತೂರಿನ ತಾಲೂಕು ಕಚೇರಿಯ ಆಸುಪಾಸಿನಲ್ಲಿ ಅರ್ಜಿ, ಅಫಿಡವಿಟ್, ಕರಾರುಪತ್ರ ಬರೆದುಕೊಟ್ಟು ಬದುಕುವ ಒಬ್ಬರನ್ನು ಊಹಿಸಿಕೊಳ್ಳಿ. ಒಬ್ಬರೆಂದು ಹೇಳುತ್ತೇನೆ, ಹಲವರನ್ನು ಕಲಸಿ ಮಾಡಿದವರು ಅವರು, ಆದ್ದರಿಂದ ಹೆಸರು ಹುಡುಕಲು ಹೋಗಬೇಡಿ. ಬರಹಗಾರರು ಎಂದೇ ಕರೆಯೋಣ. ಕಡಬ ತಾಲೂಕಾದ ಮೇಲೆ ಗಿರಾಕಿಗಳಲ್ಲಿ ಅರ್ಧ ಜನ ಆ ಕಡೆ ತಿರುಗಿದರು. ಗಿರಾಕಿ ಹೋದಲ್ಲಿಗೆ ಅಂಗಡಿ ಹೋಗಬೇಕಷ್ಟೆ. ಕಡಬದಲ್ಲೂ ಒಂದು ಕೋಣೆ ಹಿಡಿದರು, ಒಂದು ಕಂಪ್ಯೂಟರ್ ಇಟ್ಟರು. ಎರಡರ ನಡುವೆ ಪೆನ್‌ಡ್ರೈವ್ ಒಂದು ಅಂಗಿಯ ಕಿಸೆಯಲ್ಲಿ ಕೂತು ಬಸ್ಸಿನಲ್ಲಿ ದಿನಾ ಓಡಾಡತೊಡಗಿತು. ಅಂಗಿ ಒಗೆಯಲು ಹೋದ ದಿನ ಪೆನ್‌ಡ್ರೈವೂ ಒಗೆಯಲು ಹೋಯಿತು. ಅದು ಸಾಲದೆಂಬಂತೆ ಏಪ್ರಿಲ್ ಕೊನೆಯಲ್ಲಿ ಘಟ್ಟದ ಬುಡದ ಸಿಡಿಲು ಬಂದು ಮೋಡೆಮ್ ಸುಟ್ಟಿತು. ಗುಡುಗು ಕೇಳಿದ ಕೂಡಲೇ ಫ್ರಿಜ್, ಟಿವಿ, ಕಂಪ್ಯೂಟರುಗಳ ಪ್ಲಗ್ ಕಿತ್ತು ಕೂರುವ ಸೀಮೆ ಇದು. ಇಲ್ಲಿ ಒಂದೇ ಕಂಪ್ಯೂಟರ್ ನಂಬಿ ದಸ್ತಾವೇಜು ಇಡುವವನು ಸಾಹಸಿ, ಎರಡು ಇಟ್ಟವನು ಜಾಣ. ಎರಡನ್ನೂ ಸರಿಯಾಗಿ ಯೋಚಿಸದೆ ಜೋಡಿಸಿದವನು ಮಾತ್ರ ಎರಡನ್ನೂ ಒಟ್ಟಿಗೆ ಕಳಕೊಳ್ಳುವವನು.

ಜೋಡಿಸಲು ಬಂದವನು ಅಕ್ಕನ ಮಗ. ಸುಳ್ಯದಲ್ಲಿ ಎಂಜಿನಿಯರಿಂಗ್ ಓದಿ ಬೆಂಗಳೂರು ಸೇರಿದವನು, ಜಾತ್ರೆಗೆಂದು ಊರಿಗೆ ಬಂದಿದ್ದ. ಊರಿಗೆ ಬಂದ ಸಾಫ್ಟ್‌ವೇರ್ ಹುಡುಗನಿಗೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಇನ್ವರ್ಟರ್‌ಗೆ ನೀರು ಹೊಯ್ಯುವವರೆಗೆ ಎಲ್ಲ ಬರಬೇಕು ಎಂಬುದು ನಮ್ಮಲ್ಲಿನ ಕಾನೂನು.

“ಮಾವ, ಯಾವ ಕಂಪ್ಯೂಟರ್ ಯಜಮಾನ?” ಎಂದು ಅವನು ಕೇಳಿದ.

“ಎಂತ ಯಜಮಾನ ಮಾರಾಯ? ಎರಡೂ ನನ್ನದೇ ಅಲ್ವಾ?”

“ಅದಲ್ಲ. ಒಂದರಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ ಅಂತಾದ್ರೆ ಎಂತ ಮಾಡ್ಬೇಕು ಅದು? ಇಲ್ಲದ್ದಕ್ಕೆ ಹಾಕ್ಬೇಕಾ, ಇದ್ದದ್ದನ್ನ ತೆಗೀಬೇಕಾ?”

“ಎರಡೂ ಸರಿ ಇರುವ ಹಾಗೆ ಒಂದು ಮಾಡಿ ಕೊಡು, ಸಾಕು.”

ಇದಕ್ಕಿಂತ ಪ್ರಾಮಾಣಿಕ ಉತ್ತರ ಇಲ್ಲ, ಇದಕ್ಕಿಂತ ಅಪಾಯದ ಉತ್ತರವೂ ಇಲ್ಲ. ಜಮೀನಿನ ತಕರಾರಿನಿಂದ ಜಾತ್ರೆಯ ಚಂದಾದ ಲೆಕ್ಕದವರೆಗೆ ನಾವು ಬಯಸುವುದು ಇಷ್ಟೇ: ಯಾರಿಗೂ ಬೇಸರ ಮಾಡದೆ ಎರಡೂ ಸರಿಯಾಗಿರಲಿ. ಹಾಗಾಗಿ ‘ಎರಡೂ ದಿಕ್ಕಿಗೆ’ ಎಂಬ ಆಯ್ಕೆ ಕಂಡ ಕೂಡಲೇ ಎಲ್ಲರ ಬೆರಳೂ ಅದರ ಮೇಲೆ ಬೀಳುತ್ತದೆ. ಹೆಸರಿನಲ್ಲೇ ನ್ಯಾಯ ಉಂಟಲ್ಲ! ಪಕ್ಕದಲ್ಲಿ ‘ಮಿರರ್’, ‘ಅಪ್‌ಡೇಟ್’ ಎಂಬ ಇನ್ನೆರಡು ಇರುತ್ತವೆ. ಫ್ರೀಫೈಲ್‌ಸಿಂಕ್ ಎಂಬ, ಎರಡು ಫೋಲ್ಡರುಗಳನ್ನು ಒಂದೇ ಥರ ಮಾಡುವ, ಅಂದರೆ ಸಿಂಕ್ ಮಾಡುವ ಪುಕ್ಕಟೆ ಸಾಧನದಲ್ಲಿ ಈ ಮೂರೂ ಸಾಲಾಗಿ ಬಟನ್ನಿನ ರೂಪದಲ್ಲಿ ಕೂತಿವೆ. ಬಳಸುವವರಲ್ಲಿ ಎಷ್ಟು ಜನ ಮೂರರ ಅರ್ಥ ಓದಿದ್ದಾರೋ, ಬ್ಯಾಂಕಿನ ಸಾಲಪತ್ರವನ್ನು ಸಹಿಗೆ ಮುಂಚೆ ಓದಿದವರು ಕೂಡ ಅಷ್ಟೇ ಇರಬೇಕು.

‘ಅಪ್‌ಡೇಟ್’ ಬಡಪಾಯಿ. ಎಡಗಡೆಯ ಫೋಲ್ಡರಿನಲ್ಲಿ ಹೊಸದಾಗಿ ಬಂದದ್ದನ್ನೂ ತಿದ್ದಿದ್ದನ್ನೂ ಬಲಗಡೆಯ ಫೋಲ್ಡರಿಗೆ ಒಯ್ಯುತ್ತದೆ, ಬಲಗಡೆ ಏನನ್ನೂ ಅಳಿಸುವುದಿಲ್ಲ. ‘ಮಿರರ್’ ಹಾಗಲ್ಲ. ಎಡಗಡೆ ಇದ್ದಂತೆ ಬಲಗಡೆ ಇರಬೇಕು ಎಂದರೆ ಇರಬೇಕು. ಎಡದಲ್ಲಿ ಇಲ್ಲದ್ದು ಬಲದಲ್ಲಿದ್ದರೆ ಅದು ಒತ್ತುವರಿ; ನೋಟಿಸು, ವಿಚಾರಣೆ ಯಾವುದೂ ಇಲ್ಲದೆ ತೆರವು. ವಿಂಡೋಸ್‌ನೊಳಗೇ ಇರುವ ರೋಬೋಕಾಪಿಯಲ್ಲಿ ಇದಕ್ಕೆ ‘ಎಂಐಆರ್’ ಎಂಬ ಮೂರಕ್ಷರ. ಆ ಮೂರಕ್ಷರ ಸೇರಿಸಿ, ಎಡಗಡೆಗೆ ತಪ್ಪಿ ಖಾಲಿ ಫೋಲ್ಡರ್ ಕೊಟ್ಟರೆ, ಅದು ನಿಷ್ಠೆಯಿಂದ ಬಲಗಡೆಯನ್ನೂ ಖಾಲಿ ಮಾಡುತ್ತದೆ. ಕಡಬದ ಇನ್ನೂ ಖಾಲಿಯಾದ ಕಂಪ್ಯೂಟರ್ ಎಡಕ್ಕೆ, ಪುತ್ತೂರಿನ ತುಂಬಿದ್ದು ಬಲಕ್ಕೆ ಎಂದು ಒಂದೇ ಒಂದು ಸಲ ಅದಲುಬದಲಾದರೆ ಸಾಕು. ಎರಡೂ ಒಂದೇ ಥರ ಆಗುತ್ತವೆ, ಅದರಲ್ಲಿ ಲೋಪವಿಲ್ಲ. ಎರಡೂ ಖಾಲಿ.

ಎಡ-ಬಲದ, ಯಾವುದು ಎಲ್ಲಿಗೆ ಎಂಬ ಈ ಗೊಂದಲ ನಮ್ಮ ಮಂದಬುದ್ಧಿಯದ್ದಲ್ಲ, ಜಗತ್ತಿನದ್ದು. 1996ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮಕೆರಸ್ ಬರೆದ ಆರ್‌ಸಿಂಕ್ ಇವತ್ತಿಗೂ ಸರ್ವರುಗಳ ಲೋಕದಲ್ಲಿ ದುಡಿಯುತ್ತಿದೆ. ಫೈಲಿನಲ್ಲಿ ಬದಲಾದ ತುಂಡನ್ನಷ್ಟೇ ತಂತಿಯ ಮೇಲೆ ಕಳಿಸುವ ಜಾಣತನ ಅದರದ್ದು. ನಮ್ಮ ಊರಿನ ನೆಟ್‌ವರ್ಕಿಗೆ ಹೇಳಿ ಮಾಡಿಸಿದ್ದು. ಆದರೆ ಅದಕ್ಕೆ ಫೋಲ್ಡರಿನ ಹೆಸರು ಕೊಡುವಾಗ ಕೊನೆಯಲ್ಲಿ ಒಂದು ಓರೆಗೆರೆ ಹಾಕಿದರೆ ‘ಒಳಗಿದ್ದದ್ದನ್ನು ಒಯ್ಯಿ’ ಎಂದರ್ಥ, ಹಾಕದಿದ್ದರೆ ‘ಫೋಲ್ಡರ್ ಸಮೇತ ಒಯ್ಯಿ’ ಎಂದರ್ಥ. ಜಗತ್ತಿನ ಅತಿಬುದ್ಧಿವಂತರೂ ಈ ಒಂದು ಗೆರೆಯನ್ನು ಇವತ್ತಿಗೂ ಎರಡೆರಡು ಸಲ ನೋಡಿ ಹಾಕುತ್ತಾರೆ. ಕುಂದಾಪುರದಿಂದ ಕಾಸರಗೋಡಿನವರೆಗೆ ಗಡಿಗಲ್ಲನ್ನು ರಾತ್ರಿ ಒಂದಡಿ ಸರಿಸಿ ತಲೆಮಾರುಗಟ್ಟಲೆ ಕೋರ್ಟಿಗೆ ಅಲೆದ ಜನರಿಗೆ ಒಂದು ಗೆರೆಯ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸರಿ, ಬರಹಗಾರರು ಆರಿಸಿದ್ದು ‘ಎರಡೂ ದಿಕ್ಕಿಗೆ’. ಅಲ್ಲಿಂದ ಕತೆ ಶುರು.

ಮೊದಲ ಸಲ ಎರಡು ಫೋಲ್ಡರುಗಳನ್ನು ಮುಖಾಮುಖಿ ಕೂರಿಸಿದಾಗ ಯಂತ್ರಕ್ಕೆ ಹಿಂದಿನ ನೆನಪಿಲ್ಲ. ಪುತ್ತೂರಿನಲ್ಲಿ ಇದೆ, ಕಡಬದಲ್ಲಿ ಇಲ್ಲ. ಇದರ ಅರ್ಥ ಪುತ್ತೂರಿನಲ್ಲಿ ಹೊಸದಾಗಿ ಹುಟ್ಟಿತು ಎಂದೋ, ಕಡಬದಲ್ಲಿ ಬೇಕೆಂದೇ ಅಳಿಸಿದರು ಎಂದೋ? ನೆನಪಿಲ್ಲದ ಯಂತ್ರ ಒಳ್ಳೆಯದನ್ನೇ ಊಹಿಸಿ ಎಲ್ಲವನ್ನೂ ಎರಡೂ ಕಡೆ ನಕಲು ಮಾಡುತ್ತದೆ. ಒಂದು ವಾರ ಕೂತು ಕಡಬದಲ್ಲಿ ಅಳಿಸಿ ಸ್ವಚ್ಛ ಮಾಡಿದ ಕಸವೆಲ್ಲ, ಮಗಳ ಮದುವೆಯ ಕರೆಯೋಲೆಯ ಹತ್ತು ಕರಡು ಸಮೇತ, ಮತ್ತೆ ಎದ್ದು ಬಂದು ಕೂರುತ್ತದೆ. ಮೊದಲ ಸುತ್ತು ಮುಗಿದ ಮೇಲೆ ಅದು ತನ್ನದೇ ಒಂದು ದಫ್ತರ ಬರೆದಿಟ್ಟುಕೊಳ್ಳುತ್ತದೆ, ಎರಡೂ ಕಡೆ ಏನೇನಿತ್ತು ಎಂದು. ಎರಡನೆಯ ಸುತ್ತಿನಿಂದ ಅಳಿಸಿದ್ದು ಅಳಿಸಿದ್ದೆಂದೇ ಅರ್ಥವಾಗುತ್ತದೆ. ಆ ದಫ್ತರದ ಫೈಲನ್ನು ‘ಇದೆಂತದು, ನಾನು ಮಾಡಿದ್ದಲ್ಲ’ ಎಂದು ಅಳಿಸಿದಿರೋ, ಪುನಃ ಮರೆವು, ಪುನಃ ಕಸದ ಪುನರ್ಜನ್ಮ.

ಅಳಿಸುವಿಕೆ ನಮ್ಮವರಿಗೆ ಒಗ್ಗದ ವಿದ್ಯೆ. ಅಜ್ಜ ತೀರಿಕೊಂಡು ಮೂವತ್ತು ವರ್ಷವಾದರೂ ಪಹಣಿಯ ಕಾಲಂನಲ್ಲಿ ಅಜ್ಜನೇ ಕೃಷಿ ಮಾಡುತ್ತಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟು. ಪೌತಿ ಖಾತೆ ಮಾಡಿಸಿಕೊಳ್ಳಿ ಎಂದು ಸರ್ಕಾರ ಆಂದೋಲನ ಹೂಡಿದರೂ ಅಜ್ಜ ಜಪ್ಪಯ್ಯ ಎನ್ನುವುದಿಲ್ಲ, ಏಕೆಂದರೆ ಅಜ್ಜನನ್ನು ಅಳಿಸಿದರೆ ಆ ಜಾಗದಲ್ಲಿ ಯಾರ ಹೆಸರು ಎಂಬ ಪ್ರಶ್ನೆಗೆ ಐದು ಜನ ಮಕ್ಕಳೂ ಉತ್ತರ ಕೊಡಬೇಕು. ಕಂಪ್ಯೂಟರಿಗೆ ಆ ದಾಕ್ಷಿಣ್ಯ ಇಲ್ಲ. ಎರಡು ದಿಕ್ಕಿನ ಸಿಂಕ್‌ನಲ್ಲಿ ಅಳಿಸುವುದು ಕೂಡ ಒಂದು ಸುದ್ದಿ, ಅದನ್ನು ಇನ್ನೊಂದು ಕಡೆಗೆ ಮುಟ್ಟಿಸುವುದು ಅದರ ಕೆಲಸ. ಕಡಬದ ಅಂಗಡಿಯ ಹುಡುಗಿ ‘ಇದು ಪುತ್ತೂರಿನ ಗಿರಾಕಿದ್ದು, ಇಲ್ಲಿ ಯಾಕೆ’ ಎಂದು ಅಳಿಸಿದರೆ ಅದು ಪುತ್ತೂರಿನಲ್ಲೂ ಅಳಿಯುತ್ತದೆ. ಸಂಜೆ ಪುತ್ತೂರಿನಲ್ಲಿ ಗಿರಾಕಿ ಬಂದು ನಿಲ್ಲುತ್ತಾನೆ. ಬರಹಗಾರರು ವೈರಸ್ ಎನ್ನುತ್ತಾರೆ. ನಮ್ಮ ಊರಿನಲ್ಲಿ ಕಂಪ್ಯೂಟರಿಗೆ ಬಂದ ಯಾವ ಕಾಯಿಲೆಗೂ ವೈರಸ್ ಒಂದೇ ಹೆಸರು, ಅಡಿಕೆ ಮರಕ್ಕೆ ಏನಾದರೂ ಹವಾಮಾನ ಅನ್ನುವ ಹಾಗೆ.

ಯಾವ ಕಡೆಯ ಪ್ರತಿ ಹೊಸದು ಎಂದು ತೀರ್ಮಾನಿಸುವವನು ಯಾರು ಗೊತ್ತುಂಟಾ? ಗಡಿಯಾರ. ಹೆಚ್ಚಿನ ಸಾಧನಗಳು ಫೈಲಿನ ಗಾತ್ರವನ್ನೂ ತಿದ್ದಿದ ಹೊತ್ತನ್ನೂ ನೋಡಿ ತೀರ್ಪು ಕೊಡುತ್ತವೆ, ಒಳಗೆ ಏನಿದೆ ಎಂದು ಬಿಚ್ಚಿ ನೋಡುವುದಿಲ್ಲ. ಬಿಚ್ಚಿ ನೋಡು ಎಂದು ಬೇಕಾದರೆ ಹೇಳಬಹುದು, ಹಾಗೆ ಹೇಳಿದರೆ ದೊಡ್ಡ ಫೋಲ್ಡರಿಗೆ ಚಹಾ ಕುಡಿದು ಬರುವಷ್ಟಲ್ಲ, ಊಟ ಮಾಡಿ ಮಲಗಿ ಏಳುವಷ್ಟು ಹೊತ್ತು ಬೇಕು. ಈಗ ಕಡಬದ ಆ ಕಂಪ್ಯೂಟರನ್ನು ನೋಡಿ. ಹಳೆಯದು, ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದೆ. ಕರೆಂಟು ಹೋಗಿ ಬಂದಾಗಲೆಲ್ಲ ಅದು ಯಾವುದೋ ಹಳೆಯ ಇಸವಿಯಲ್ಲಿ ಎಚ್ಚರಗೊಳ್ಳುತ್ತದೆ. ಕರೆಂಟು ನಮ್ಮಲ್ಲಿ ಹೋಗಿ ಬರುವುದರಲ್ಲಿ ಮಳೆಗಾಲದಲ್ಲಂತೂ ಜಿಪುಣತನ ಮಾಡುವುದಿಲ್ಲ. ಇಂಟರ್ನೆಟ್ ಸಿಕ್ಕಿ ಗಡಿಯಾರ ಸರಿಯಾಗುವ ಮುಂಚೆಯೇ ಅಲ್ಲಿ ಕೂತು ಇವತ್ತು ಬೆಳಗ್ಗೆ ತಿದ್ದಿದ ಕರಾರುಪತ್ರ ಇಪ್ಪತ್ತು ವರ್ಷ ಹಳೆಯದಾಗಿಬಿಡುತ್ತದೆ. ದಫ್ತರ ಇಟ್ಟುಕೊಳ್ಳದ ಸಾಧನವಾದರೆ ಪುತ್ತೂರಿನಲ್ಲಿರುವ ಹೋದ ವಾರದ ತಪ್ಪು ಪ್ರತಿ ‘ಹೊಸದು’ ಎನಿಸಿಕೊಂಡು ಬಂದು ಅದರ ಮೇಲೆ ಕೂರುತ್ತದೆ. ನೂರಿನ್ನೂರು ರೂಪಾಯಿ ಒಳಗಿನ ಬ್ಯಾಟರಿ ಹಾಕಿಸಲು ಬೇಸರ ಪಟ್ಟವರು ಆಮೇಲೆ ಡೇಟಾ ರಿಕವರಿಯವರಿಗೆ ಎಷ್ಟು ಕೊಟ್ಟರೆಂದು ಯಾರ ಹತ್ತಿರವೂ ಹೇಳುವುದಿಲ್ಲ.

ಇನ್ನು ಆರ್‌ಸಿಂಕ್‌ಗೆ ಈ ಹಳೆಯದು-ಹೊಸದು ಕೂಡ ಅಷ್ಟು ಮುಖ್ಯವಲ್ಲ. ಸುಮ್ಮನೆ ಓಡಿಸಿದರೆ ಕಳಿಸುವ ಕಡೆಯ ಹಳೆಯ ಪ್ರತಿಯನ್ನು ಪಡೆಯುವ ಕಡೆಯ ಹೊಸ ಪ್ರತಿಯ ಮೇಲೆ ನಿಸ್ಸಂಕೋಚವಾಗಿ ಬರೆಯುತ್ತದೆ. ಅಲ್ಲಿ ಹೊಸದಿದ್ದರೆ ಮುಟ್ಟಬೇಡ ಎಂದು ಪ್ರತ್ಯೇಕವಾಗಿ ಹೇಳಬೇಕು. ಅಳಿಸಲು ಮಾತ್ರ ನಾವು ಒಂದು ಮಾತು ಹೇಳದೆ ಅದು ಮುಂದಾಗುವುದಿಲ್ಲ. ಆ ಮಟ್ಟಿಗೆ ಸಭ್ಯಸ್ಥ. ಪೆನ್‌ಡ್ರೈವಿನ ಹಳೆಯ ಫ್ಯಾಟ್ 32 ಪದ್ಧತಿ ತಿದ್ದಿದ ಹೊತ್ತನ್ನು ಎರಡೆರಡು ಸೆಕೆಂಡಿನ ಲೆಕ್ಕದಲ್ಲಿ ಬರೆದಿಡುವುದರಿಂದ, ಒಂದೇ ಫೈಲು ಎರಡು ಕಡೆ ಒಂದು ಸೆಕೆಂಡು ಹಿಂದೆ ಮುಂದೆ ಕಾಣುತ್ತದೆ. ಎರಡು ಸೆಕೆಂಡಿನ ರಿಯಾಯಿತಿ ಕೊಡುವ ಸೆಟ್ಟಿಂಗ್ ಇದೆ, ಕೊಡಿ. ಸರ್ಕಾರಿ ಕಚೇರಿಯಲ್ಲಿ ‘ಸಾಹೇಬರು ಈಗ ಬರ್ತಾರೆ’ ಎಂದು ಮಧ್ಯಾಹ್ನದವರೆಗೆ ಕೂರುವ ನಮಗೆ ಎರಡು ಸೆಕೆಂಡು ಯಾವ ಲೆಕ್ಕ.

ಸಿಂಕ್‌ಥಿಂಗ್ ಎಂಬ ಇನ್ನೊಂದು ಪುಕ್ಕಟೆ ಸಾಧನ 2013ರಲ್ಲಿ ಬಂತು, ಕಡಬ ತಾಲೂಕಿನ ಘೋಷಣೆಯ ವರ್ಷವೇ. ಇದು ನಡುವೆ ಯಾರ ಗೋದಾಮಿನಲ್ಲೂ ಸಾಮಾನು ಇಳಿಸದೆ ನಿಮ್ಮ ಎರಡು ಕಂಪ್ಯೂಟರುಗಳನ್ನೇ ನೇರ ಮಾತಾಡಿಸುತ್ತದೆ. ಅಳಿಯ ಕೊನೆಗೆ ಹಾಕಿಕೊಟ್ಟದ್ದು ಇದನ್ನೇ. ಇದರ ಫೋಲ್ಡರಿಗೆ ಮುಖ್ಯವಾಗಿ ಮೂರು ಬಗೆ: ಕಳಿಸುವುದೂ ಪಡೆಯುವುದೂ, ಕಳಿಸುವುದು ಮಾತ್ರ, ಪಡೆಯುವುದು ಮಾತ್ರ. ತುಳುನಾಡಿನ ಅಳಿಯಸಂತಾನದ ಹಳೆಯ ಮನೆಗಳನ್ನು ಬಲ್ಲವರಿಗೆ ಇದು ಹೊಸದಾಗಿ ಕಾಣಲಾರದು. ಆಸ್ತಿ ಇಡೀ ಕುಟುಂಬದ್ದು, ಯಜಮಾನ ಒಬ್ಬ. ಉಳಿದವರಿಗೆ ಉಣ್ಣುವ ಹಕ್ಕುಂಟು, ತಿದ್ದುವ ಹಕ್ಕಿಲ್ಲ. 1949ರ ಮದ್ರಾಸ್ ಕಾಯಿದೆ ಬಂದು ಕವರುಗಳಿಗೆ, ಅಂದರೆ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಡುವವರೆಗೆ ಹೀಗೇ ನಡೆಯಿತು. ‘ಕಳಿಸುವುದು ಮಾತ್ರ’ ಎಂದು ಕೂತ ಕಂಪ್ಯೂಟರ್ ಆ ಯಜಮಾನ. ಬೇರೆಯವರು ಏನಾದರೂ ತಿದ್ದಿದರೆ ಅದರ ಪರದೆಯಲ್ಲಿ ಕೆಂಪು ಬಟನ್ ಒಂದು ಮೂಡುತ್ತದೆ, ಒತ್ತಿದರೆ ಅವರ ತಿದ್ದುಪಡಿಯೆಲ್ಲ ರದ್ದು. ‘ಪಡೆಯುವುದು ಮಾತ್ರ’ ಎಂದು ಇಟ್ಟ ಕಂಪ್ಯೂಟರಿನಲ್ಲಿ ಹುಡುಗಿ ದಿನವಿಡೀ ಟೈಪ್ ಮಾಡಿದ್ದು ಪುತ್ತೂರಿಗೆ ಹೋಗುವುದೇ ಇಲ್ಲ, ಅಲ್ಲೇ ಒಂದು ಬಟನ್ ಕಾಯುತ್ತಿರುತ್ತದೆ: ಇಲ್ಲಿಯ ಬದಲಾವಣೆಗಳನ್ನು ಹಿಂತೆಗೆದುಕೋ ಎಂದು. ‘ಇದೆಂತದೋ ಕೆಂಪು ಬರ್ತಾ ಉಂಟು ಸರ್’ ಎಂದು ಹುಡುಗಿ ಫೋನು ಮಾಡುತ್ತಾಳೆ. ‘ಒತ್ತಿ ಬಿಡು’ ಎನ್ನುತ್ತಾರೆ ಬರಹಗಾರರು.

ಯಜಮಾನನಿಲ್ಲದೆ ಇಬ್ಬರಿಗೂ ಸಮಾನ ಹಕ್ಕು ಕೊಟ್ಟರೆ? ಇಬ್ಬರೂ ಒಂದೇ ಫೈಲನ್ನು ಒಂದೇ ಹೊತ್ತಿನಲ್ಲಿ ತಿದ್ದಿದಾಗ ಸಿಂಕ್‌ಥಿಂಗ್ ಜಗಳ ಬಿಡಿಸುವುದಿಲ್ಲ. ಹಳೆಯ ಹೊತ್ತಿನ ಪ್ರತಿಗೆ ‘ಸಿಂಕ್ ಕಾನ್‌ಫ್ಲಿಕ್ಟ್’ ಎಂಬ ಬಾಲವನ್ನೂ ತಾರೀಕನ್ನೂ ಅಂಟಿಸಿ ಪಕ್ಕದಲ್ಲಿ ಇಡುತ್ತದೆ. ಅದು ಯಂತ್ರದ ದೊಡ್ಡತನ. ಎರಡನ್ನೂ ತೆರೆದು ಓದಿ ಸರಿಯಾದ್ದನ್ನು ಉಳಿಸಬೇಕಾದವರು ನಾವು. ಬರಹಗಾರರ ಕಂಪ್ಯೂಟರಿನಲ್ಲಿ ಅಂಥ ಬಾಲದ ಫೈಲುಗಳು ರಾಶಿ ಬಿದ್ದಿವೆ, ಕೆಲವಕ್ಕೆ ಬಾಲದ ಮೇಲೆ ಬಾಲ. ತೆರೆಯಲು ಪುರುಸೊತ್ತಿಲ್ಲ, ಅಳಿಸಲು ಧೈರ್ಯವಿಲ್ಲ.

ಬಾಲ ಇಲ್ಲದ ಜಗಳ ಇನ್ನೂ ಕೆಟ್ಟದ್ದು. ಸರ್ವೆ ನಂಬರ್ 124/2ಎ ಎಂದು ಫೈಲಿಗೆ ಹೆಸರಿಡಲು ಹೋಗಿ, ವಿಂಡೋಸ್ ಒಪ್ಪುವುದಿಲ್ಲ. ಫೈಲಿನ ಹೆಸರಿನಲ್ಲಿ ಓರೆಗೆರೆ ನಿಷಿದ್ಧ. ಹಿಸ್ಸೆಯಿಲ್ಲದ ಜಾಗ ನಮ್ಮಲ್ಲಿ ಎಲ್ಲುಂಟು? ಪುತ್ತೂರಿನಲ್ಲಿ ಬರಹಗಾರರು 124-2ಎ ಎಂದಿಟ್ಟರು, ಕಡಬದ ಹುಡುಗಿ 124_2ಎ ಎಂದಳು, ಹಿಂದೆ ಕೆಲಸ ಬಿಟ್ಟು ಹೋದ ಹುಡುಗ 124 2ಎ ಎಂದು ಖಾಲಿ ಬಿಟ್ಟಿದ್ದ. ಒಂದೇ ಜಾಗಕ್ಕೆ ಮೂರು ದಾಖಲೆ. ಯಾವ ಸಿಂಕ್ ಸಾಧನವೂ ಇವು ಮೂರೂ ಒಂದೇ ಎಂದು ಹೇಳಲಾರದು, ಮೂರನ್ನೂ ಎರಡೂ ಕಡೆ ಶ್ರದ್ಧೆಯಿಂದ ಕಾಪಾಡುತ್ತದೆ. ಇದಕ್ಕೆ ಸೆಟ್ಟಿಂಗ್ ಇಲ್ಲ. ಇಬ್ಬರೂ ಒಂದೇ ಹೆಸರಿಡುತ್ತೇವೆ ಎಂದು ಒಂದು ದಿನ ಕೂತು ಮಾತಾಡಿಕೊಳ್ಳಬೇಕು, ಅದನ್ನು ಯಾವ ಅಳಿಯನೂ ಡೌನ್‌ಲೋಡ್ ಮಾಡಿ ಕೊಡುವುದಿಲ್ಲ. ಇನ್ನು ವರ್ಡ್ ತೆರೆದಾಗ ಹುಟ್ಟುವ ತಾತ್ಕಾಲಿಕ ಫೈಲುಗಳನ್ನು ಸಿಂಕ್‌ನಿಂದ ಹೊರಗಿಡಿ, ಲೆಕ್ಕಪತ್ರದ ಟ್ಯಾಲಿ ತೆರೆದಿರುವಾಗ ಅದರ ಫೋಲ್ಡರ್ ಮುಟ್ಟಿಸಬೇಡಿ. ಇವೆಲ್ಲ ಸಣ್ಣವು, ಮುಂದೆ ಹೋಗೋಣ.

ಯಜಮಾನ ಯಾರು ಎಂಬ ಪ್ರಶ್ನೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಎದುರಿಸಿದವರು ನಮ್ಮಲ್ಲಿ ಇಲ್ಲದಿಲ್ಲ. ಕರ್ನಾಟಕದ ಭೂಮಿ ಯೋಜನೆ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅಲ್ಲಿಯವರೆಗೆ ರಾಜ್ಯದ ಸುಮಾರು 9 ಸಾವಿರ ಗ್ರಾಮಲೆಕ್ಕಿಗರ ಕೈಯಲ್ಲಿ ಪುಸ್ತಕ. ಕಂಪ್ಯೂಟರೂ ಇರಲಿ, ಪುಸ್ತಕವೂ ಇರಲಿ, ‘ಎರಡೂ ಸರಿ’ ಎಂದು ಬಿಟ್ಟಿದ್ದರೆ ಇವತ್ತಿಗೂ ಎರಡೆರಡು ಪಹಣಿ ಹಿಡಿದು ಹೊಡೆದಾಡುತ್ತಿದ್ದೆವು. ಹಾಗಾಗಲು ಬಿಡಲಿಲ್ಲ. ಕಂಪ್ಯೂಟರಿನದ್ದೇ ಪಹಣಿ, ಕೈಬರಹದ್ದು ಇನ್ನು ಸಲ್ಲದು ಎಂದು ಆಜ್ಞೆಯಾಯಿತು. ಆಗ ಹದಿನೈದು ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯ ಕಿಟಕಿಯಲ್ಲಿ ಪ್ರತಿ ಸಿಗುತ್ತಿತ್ತು. ಸೆಟ್ಟಿಂಗ್ ಎಂದರೆ ಅದು. ಅದರ ಬೆಲೆಯನ್ನೂ ಜನ ತೆತ್ತರು ಎನ್ನಿ. ಪುಸ್ತಕದಿಂದ ಏರಿಸುವಾಗ ಹೆಸರಿನಲ್ಲಿ ಬಿದ್ದ ತಪ್ಪು, ಸೆಂಟ್ಸಿನಲ್ಲಿ ಬಿದ್ದ ತಪ್ಪು ಕೂಡ ಯಜಮಾನನ ಮಾತಾಯಿತು. ಮೊದಲು ಲೆಕ್ಕಿಗರ ಪೆನ್ನಿಗೆ ಬಾಗುತ್ತಿದ್ದ ಅಕ್ಷರ ಈಗ ಅರ್ಜಿ, ವರದಿ, ಆದೇಶ ಎಲ್ಲ ದಾಟಿ ಬಂದರಷ್ಟೇ ಬಾಗುತ್ತದೆ. ಯಾರನ್ನು ಯಜಮಾನ ಮಾಡುತ್ತೀರೋ ಅವನ ಕೈಯಲ್ಲಿರುವ ಪ್ರತಿ ಶುದ್ಧವಾಗಿದೆಯೇ ಎಂದು ಪಟ್ಟ ಕಟ್ಟುವ ಮುಂಚೆ ನೋಡಬೇಕು. ಬರಹಗಾರರ ಸಂಪಾದನೆಯ ಒಂದು ಪಾಲು ಈ ತಿದ್ದುಪಡಿ ಅರ್ಜಿಗಳಿಂದಲೇ ಬರುವುದರಿಂದ ಅವರಿಗೆ ಈ ವಿಷಯದಲ್ಲಿ ದೂರಿಲ್ಲ.

ನೋಡಿ ಒತ್ತುವ ಅಭ್ಯಾಸ ಸರ್ಕಾರಗಳಿಗೆ ಮೊದಲಿನಿಂದಲೂ ಕಮ್ಮಿ. 1834ರಲ್ಲಿ ಕೊಡಗನ್ನು ನುಂಗಿದ ಕಂಪನಿ ಸರ್ಕಾರ, ಕೊಡಗಿನ ಅರಸರ ಕೆಳಗಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಅಂಟಿಸಿತು. ಅಲ್ಲಿ ಧಾನ್ಯವಾಗಿ ಕೊಡುತ್ತಿದ್ದ ಕಂದಾಯವನ್ನು ಇಲ್ಲಿ ರೊಕ್ಕವಾಗಿ ಕೊಡಿ ಎಂದಿತು. ಫೋಲ್ಡರ್ ಬದಲಾಯಿತು, ಸೆಟ್ಟಿಂಗ್ ಕೂಡ ಬದಲಾಯಿತು, ರೈತನನ್ನು ಕೇಳಿದವರಿಲ್ಲ. ಆ ಸಿಟ್ಟಿನಲ್ಲಿ 1837ರ ಏಪ್ರಿಲಿನಲ್ಲಿ ಕೆದಂಬಾಡಿ ರಾಮಯ್ಯ ಗೌಡರಂಥವರ ಜೊತೆ ಸುಳ್ಯದ ಕಡೆಯಿಂದ ಹೊರಟ ಜನ ಮಂಗಳೂರಿನ ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಏರಿಸಿದರು. ಕಂಪನಿಯವರ ಹತ್ತಿರ ‘ಡ್ರೈ ರನ್’ ಇರಲಿಲ್ಲ. ನಮ್ಮ ಹತ್ತಿರ ಇದೆ. ಆರ್‌ಸಿಂಕ್‌ಗೆ ಒಂದೆರಡು ಅಕ್ಷರ ಸೇರಿಸಿದರೆ ಏನೇನು ಮಾಡಲಿದ್ದೇನೆ ಎಂದು ಪಟ್ಟಿ ಓದುತ್ತದೆ, ಮಾಡುವುದಿಲ್ಲ. ಫ್ರೀಫೈಲ್‌ಸಿಂಕ್‌ನಲ್ಲಿ ‘ಹೋಲಿಸು’ ಬಟನ್ ಬೇರೆ, ‘ಸಿಂಕ್ ಮಾಡು’ ಬಟನ್ ಬೇರೆ. ನಡುವೆ ಎಷ್ಟು ಅಳಿಯುತ್ತವೆ, ಎಷ್ಟು ಬರುತ್ತವೆ ಎಂಬ ಲೆಕ್ಕ ಪರದೆಯ ಕೆಳಗೇ ಇರುತ್ತದೆ. ಹತ್ತು ಫೈಲು ತಿದ್ದಿದವನಿಗೆ ಎರಡು ಸಾವಿರ ಅಳಿಸುತ್ತೇನೆ ಎಂದು ಅದು ಹೇಳಿದರೆ ಕೈ ತಡೆಯಬೇಕು. ಬರಹಗಾರರು ಆ ಲೆಕ್ಕ ನೋಡಿ ‘ಹೋ, ತುಂಬ ಕೆಲಸ ಮಾಡ್ತದೆ ಇದು’ ಎಂದು ಮೆಚ್ಚಿಕೊಂಡರಂತೆ.

ಇಷ್ಟೆಲ್ಲ ಆದ ಮೇಲೂ ಅವರು ನಿಶ್ಚಿಂತೆಯಿಂದ ಹೇಳುವ ಮಾತೊಂದಿದೆ: “ಬ್ಯಾಕಪ್ ಉಂಟು ಮಾರಾಯ್ರೆ, ಎರಡೂ ಕಡೆ ಉಂಟಲ್ಲ!” ಎರಡೂ ಕಡೆ ಇರುವುದು ಒಂದೇ ಜೀವ. ಒಂದು ಕಡೆ ಅಳಿಸಿದರೆ ಎರಡೂ ಕಡೆ ಅಳಿಯಿತು, ಒಂದು ಕಡೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಹೊಕ್ಕರೆ ಬೀಗ ಬಿದ್ದ ಫೈಲುಗಳೇ ಇನ್ನೊಂದು ಕಡೆಗೂ ನಿಷ್ಠೆಯಿಂದ ಹೋದವು. ಸಿಡಿಲು ಮಾತ್ರ ಒಂದೇ ಕಡೆ ಹೊಡೆಯುತ್ತದೆ, ಆ ಮಟ್ಟಿಗೆ ಸಿಡಿಲು ಮನುಷ್ಯನಿಗಿಂತ ಮೇಲು. ಗೂಗಲ್ ಡ್ರೈವಿನ ಕಸದ ಬುಟ್ಟಿ ಅಳಿಸಿದ್ದನ್ನು 30 ದಿನ ಇಟ್ಟುಕೊಂಡಿರುತ್ತದೆ. ನಮ್ಮಲ್ಲಿ ಫೈಲು ಕಳೆದದ್ದು ಗೊತ್ತಾಗುವುದು ಗಿರಾಕಿ ಬಂದಾಗ, ಗಿರಾಕಿ ಬರುವುದು ಕೋರ್ಟಿನ ಮುಂದಿನ ವಾಯಿದೆಗೆ. ಸಿಂಕ್‌ಥಿಂಗ್‌ನಲ್ಲಿ ಹಳೆಯ ಪ್ರತಿಗಳನ್ನು ಎತ್ತಿಡುವ ‘ಫೈಲ್ ವರ್ಷನಿಂಗ್’ ಉಂಟು, ಅದನ್ನು ನೀವೇ ಚಾಲೂ ಮಾಡಬೇಕು. ಚಾಲೂ ಮಾಡಿದರೂ ಅದು ಎತ್ತಿಡುವುದು ಇನ್ನೊಂದು ಕಂಪ್ಯೂಟರಿನಿಂದ ಬಂದ ಬದಲಾವಣೆಗೆ ಬಲಿಯಾದ ಪ್ರತಿಯನ್ನು ಮಾತ್ರ. ನೀವೇ ನಿಮ್ಮ ಕೈಯಾರೆ ಇಲ್ಲಿ ಅಳಿಸಿದ್ದರ ಹಳೆಯ ಪ್ರತಿ ಆ ಕಡೆ ಸಿಕ್ಕೀತು, ಈ ಕಡೆ ಸಿಗದು. ಎರಡೂ ಕಂಪ್ಯೂಟರಿನಲ್ಲಿ ಚಾಲೂ ಮಾಡಬೇಕೆಂದು ಹೇಳುವುದು ಇದಕ್ಕೇ.

2024ರಿಂದ ಭೂ ಸುರಕ್ಷಾ ಎಂಬ ಹೆಸರಿನಲ್ಲಿ ತಾಲೂಕು ಕಚೇರಿಗಳ ದಾಖಲೆ ಕೋಣೆಯ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸಕ್ಕೆ ಸರ್ಕಾರವೇ ಇಳಿದಿದೆ. ಇಲಿ, ಗೆದ್ದಲು, ಮಳೆಯ ಪಸೆಯನ್ನು ಇಷ್ಟು ವರ್ಷ ಯಜಮಾನರೆಂದು ಒಪ್ಪಿಕೊಂಡಿದ್ದ ಕೋಣೆಗಳಿಗೆ ಇದು ತಡವಾದರೂ ಸರಿಯಾದ ಕೆಲಸ. ಸರ್ಕಾರವೇ ಎದ್ದು ಕೂತ ಮೇಲೆ ಒಂದು ಅಂಗಡಿ, ಒಂದು ಸೊಸೈಟಿ, ಒಂದು ದೇವಸ್ಥಾನದ ಸಮಿತಿ ಮಲಗಿರುವುದು ಚಂದವಲ್ಲ.

ಆದ್ದರಿಂದ ಪುತ್ತೂರು, ಸುಳ್ಯ, ಕಡಬದ ಎರಡು ಕಂಪ್ಯೂಟರಿನ ಸಂಸಾರಿಗಳಲ್ಲಿ ಒಂದು ವಿನಂತಿ. ಮುಂದಿನ ಮಳೆಗಾಲಕ್ಕೆ ಮುಂಚೆ ಎರಡರ ಗಡಿಯಾರ ಸರಿಯಾಗಿದೆಯೇ ನೋಡಿ, ಬ್ಯಾಟರಿ ಸತ್ತಿದ್ದರೆ ಹಾಕಿಸಿ. ಕೆಲಸ ಒಂದೇ ಕಡೆ ನಡೆಯುವುದಾದರೆ ಒಂದು ದಿಕ್ಕಿನ ಸಿಂಕ್ ಸಾಕು, ಎರಡು ದಿಕ್ಕಿನದ್ದು ಹೆಮ್ಮೆಗೆಂದು ಹಾಕಿಕೊಳ್ಳಬೇಡಿ. ಮಿರರ್ ಒತ್ತುವ ಮುಂಚೆ ಅಳಿಯುವ ಫೈಲುಗಳ ಪಟ್ಟಿ ಓದಿ, ಕನ್ನಡಕ ಹಾಕಿಕೊಂಡು ಓದಿ. ಹೊರಗಿನ ಡಿಸ್ಕ್ ಒಂದು ತಂದು ವಾರಕ್ಕೊಮ್ಮೆ ಪ್ರತಿ ಮಾಡಿ, ಮಾಡಿದ ಕೂಡಲೇ ಕಂಪ್ಯೂಟರಿನಿಂದ ಕಳಚಿ ಬೇರೆ ಮನೆಯಲ್ಲಿಡಿ. ಇದನ್ನೆಲ್ಲ ಮಾಡಿಕೊಡಲು ಅಳಿಯ ಊರಿಗೆ ಬಂದಾಗ ಅವನು ಕೇಳುವ ಪ್ರಶ್ನೆಗೆ ಉತ್ತರ ಕೊಡಿ, ಊಟವನ್ನು ಆಮೇಲೆ ಕೊಟ್ಟರೂ ಆದೀತು.